ಹಲಗೆ, ಚೌಡಿಕೆ, ಎರಡು ಕಲ್ಲಿನ ಚೂರು: ಬರೆಯುತ್ತಿರುವ ಮಕ್ಕಳ ಕಾದಂಬರಿ ಬಗ್ಗೆ

ಹೊಸಪೇಟೆ ಬಗ್ಗೆ ಒಂದು ಮಕ್ಕಳ ಕಾದಂಬರಿ ಬರೆಯುತ್ತಿದ್ದೇನೆ ಅಂದ ಕೂಡಲೇ ಜನ ಕೇಳುವುದು ಒಂದೇ ಮಾತು. "ಹಂಪಿ ಬರುತ್ತಾ?" ಬರುತ್ತದೆ. ಆದರೆ ಕಲ್ಲಿನ ರಥಕ್ಕಾಗಿ ಅಲ್ಲ, ಜೆಸಿಬಿಗಾಗಿ. ಕಥೆ ನಡೆಯುವುದು 2011ರಲ್ಲಿ. ಆ ವರ್ಷ ಜುಲೈ ಕೊನೆಗೆ ಎರಡು ಸುದ್ದಿ ಒಟ್ಟೊಟ್ಟಿಗೆ ಬಂದವು. ಬಳ್ಳಾರಿ ಜಿಲ್ಲೆಯಲ್ಲಿ ಅದಿರು ತೆಗೆಯುವುದನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಅದೇ ಹೊತ್ತಿಗೆ ವಿರೂಪಾಕ್ಷ ಗುಡಿ ಮುಂದಿನ ಹಂಪಿ ಬಜಾರಿನ ಸಾಲು ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಎಬ್ಬಿಸಿ, ಅವರು ಕಟ್ಟಿಕೊಂಡದ್ದನ್ನೆಲ್ಲ ಕೆಡವಿದರು. ದೊಡ್ಡವರಿಗೆ ಇವು ಪೇಪರಿನ ಮುಖಪುಟದ ಸುದ್ದಿ. ಬೀದಿಯಲ್ಲಿ ನುಡಿಸಿ, ಹಾಡಿ ನಾಲ್ಕು ಕಾಸು ನೋಡುವ ಮಕ್ಕಳಿಗೆ ಇವು ಏನು? ಪುಸ್ತಕ ಇರುವುದೇ ಅದರ ಬಗ್ಗೆ.

ಮೂರು ಜನ ಮಕ್ಕಳಿದ್ದಾರೆ. ಹುಲುಗ ಹಲಗೆ ಬಾರಿಸುತ್ತಾನೆ. ದುರ್ಗಿ ಮಂಗಳವಾರ, ಶುಕ್ರವಾರ ಅಜ್ಜಿ ಜೊತೆ ಒಂಟಿ ತಂತಿಯ ಚೌಡಿಕೆ ಹಿಡಿದುಕೊಂಡು ಹುಲಿಗೆಮ್ಮನ ಗುಡಿ ಇರುವ ಹುಲಿಗಿಗೆ ಹೋಗುತ್ತಾಳೆ. ಪಂಪಾಪತಿ, ಅಂದರೆ ಪಂಪ, ರೈಲಿನಲ್ಲಿ ಎರಡು ಕಲ್ಲಿನ ಚೂರುಗಳನ್ನು ಬೆರಳ ಸಂದಿಯಲ್ಲಿ ಇಟ್ಟುಕೊಂಡು ಟಕಟಕ ಅನ್ನಿಸುತ್ತಾ ಸಿನಿಮಾ ಹಾಡು ಹೇಳುತ್ತಾನೆ. ಮೂವರೂ ಒಂದೇ ಸರ್ಕಾರಿ ಶಾಲೆಯ ಆರನೇ ಕ್ಲಾಸು. ಶಾಲೆಗೆ ಹೋಗುತ್ತಾರೆ, ಹೌದು. ಬಿಸಿಯೂಟಕ್ಕಂತೂ ತಪ್ಪಿಸುವುದಿಲ್ಲ. ಉಳಿದ ಪೀರಿಯಡ್ಡುಗಳ ಬಗ್ಗೆ ಗ್ಯಾರಂಟಿ ಕೊಡಲಾರೆ.

ಇಂಥ ಮಕ್ಕಳ ಕಥೆ ಬರೆಯುತ್ತೇನೆ ಅಂದರೆ ಸಲಹೆಗಳು ಎರಡೇ ಬಗೆ. ಒಂದು, "ಪಾಪ, ಅವರನ್ನ ಯಾರಾದರೂ ಒಳ್ಳೆ ಟೀಚರ್ ಬಂದು ಬೀದಿಯಿಂದ ಬಿಡಿಸಲಿ." ಇನ್ನೊಂದು, "ಕೊನೆಗೆ ಟಿವಿ ರಿಯಾಲಿಟಿ ಶೋನಲ್ಲಿ ಗೆಲ್ಲಲಿ, ಮಕ್ಕಳಿಗೆ ಸ್ಫೂರ್ತಿ ಬರುತ್ತೆ." ಹೇಳುವವರು ಒಳ್ಳೆಯ ಮನಸ್ಸಿನವರೇ. ಆದರೆ ಎರಡರಲ್ಲೂ ಮಕ್ಕಳು ಸುಮ್ನೆ ಕಾಯುತ್ತಾ ಕೂತಿರುತ್ತಾರೆ, ಯಾರೋ ಬಂದು ಕೈ ಹಿಡಿಯಲಿ ಅಂತ. ನಾನು ನೋಡಿದ ಮಕ್ಕಳು ಹಾಗಿಲ್ಲ. ಅವರಿಗೆ ಒಂದು ಕಸುಬು ಗೊತ್ತು. ಯಾವ ಬೀದಿಯಲ್ಲಿ ಯಾವಾಗ ಕೈ ಬಿಚ್ಚುತ್ತಾರೆ, ಯಾವ ಅಂಗಡಿಯವನು ಬೈದು ಕೊಡುತ್ತಾನೆ, ಯಾವನು ನಕ್ಕು ಕಳಿಸುತ್ತಾನೆ, ಯಾವ ಹಾಡಿಗೆ ಹೆಂಗಸರು ಪರ್ಸು ತೆಗೆಯುತ್ತಾರೆ, ಇದೆಲ್ಲ ಲೆಕ್ಕ ತಲೆಯಲ್ಲಿ ಇರುತ್ತದೆ. ನನಗೆ ಆ ಲೆಕ್ಕ ಬೇಕು. ಕಾದಂಬರಿಯ ತುಂಬ ಅದೇ ಇರಬೇಕು.

ರಿಯಾಲಿಟಿ ಶೋ ಅಂದಾಗ ಒಂದು ಕಾನೂನಿನ ವಿಷಯ ಹೇಳಲೇಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. 14 ವರ್ಷದೊಳಗಿನವರನ್ನು ಕೆಲಸಕ್ಕೆ ಹಚ್ಚುವ ಹಾಗಿಲ್ಲ, ಆದರೆ ಸಿನಿಮಾ, ಟಿವಿ, ಜಾಹೀರಾತಿನಲ್ಲಿ ಬಾಲ ಕಲಾವಿದರಾಗಿ ಕೆಲಸ ಮಾಡಬಹುದು. ಅದಕ್ಕೆ ನಿಯಮಗಳೂ ಇವೆ. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಇಲ್ಲ, ಬಿಡುವಿಲ್ಲದೆ 3 ಗಂಟೆಗಿಂತ ಜಾಸ್ತಿ ಇಲ್ಲ, ಬಂದ ದುಡ್ಡಿನಲ್ಲಿ ಶೇ 20 ಆದರೂ ಮಗುವಿನ ಹೆಸರಿನಲ್ಲಿ ಎಫ್‌ಡಿ ಇಡಬೇಕು. ಒಳ್ಳೆಯ ನಿಯಮಗಳೇ. ಇನ್ನು ಮನೆಯವರ ಕಸುಬಿಗೆ ಶಾಲೆ ಮುಗಿದ ಮೇಲೆ, ರಜೆಯಲ್ಲಿ ಕೈ ಜೋಡಿಸಬಹುದು ಅಂತಲೂ ಇದೆ. ಆದರೆ ಅಪ್ಪ, ಅಜ್ಜಿ ಯಾರ ಜೊತೆಯೂ ಇಲ್ಲದೆ ರೈಲಿನಲ್ಲಿ ಒಬ್ಬನೇ ಹಾಡುವ ಪಂಪ ಈ ಲೆಕ್ಕದಲ್ಲಿ ಎಲ್ಲೂ ಕೂರುವುದಿಲ್ಲ. ಅವನಿಗೆ ಸಿಗುವುದು 1989ರ ರೈಲ್ವೆ ಕಾಯ್ದೆ. ಅದರಲ್ಲಿ ಅವನು ಭಿಕ್ಷೆ ಬೇಡುವವನು. ನನ್ನ ಕಥೆ 2011ರದ್ದಾದ್ದರಿಂದ ಈ ಎಫ್‌ಡಿ ವಿಷಯ ಒಳಗೆ ತರಲಾರೆ, ತಂದರೆ ದುರ್ಗಿ ಖಂಡಿತ ಕೇಳುತ್ತಿದ್ದಳು: "ಶೇಕಡಾ 20 ಅಂದ್ರ ಇವತ್ತಿನ 12 ರೂಪಾಯಿಗೆ ಎಷ್ಟಾತು?"

ಹಲಗೆಯಿಂದಲೇ ಶುರು ಮಾಡುತ್ತೇನೆ. ಕಾದಂಬರಿ ಶುರುವಾಗುವುದೂ ಅಲ್ಲಿಂದಲೇ.

ಚರ್ಮದ ಹಲಗೆ ಬಾರಿಸುವ ಮುಂಚೆ ಕಾಯಿಸಬೇಕು. ಒಣ ಹುಲ್ಲೋ, ಪೇಪರೋ, ರಟ್ಟೋ ಗುಡ್ಡೆ ಹಾಕಿ ಬೆಂಕಿ ಹಚ್ಚಿ, ಹಲಗೆಯನ್ನು ಅದರ ಮುಂದೆ ಓರೆಯಾಗಿ ಹಿಡಿದು ತಿರುಗಿಸುತ್ತಾ ಹೋಗಬೇಕು. ಚರ್ಮ ಬಿಗಿಯುತ್ತಾ ಬಂದ ಹಾಗೆ ದನಿ ಮೇಲೆ ಏರುತ್ತದೆ. ಜಾಸ್ತಿ ಕಾದರೆ ಚರ್ಮ ಸುಟ್ಟು ಹರಿಯುತ್ತದೆ, ಕಮ್ಮಿ ಕಾದರೆ ಬೊದ್ದು ಬೊದ್ದು ಸದ್ದು. ಮಳೆಗಾಲದಲ್ಲಿ ಇನ್ನೂ ಕಷ್ಟ. ಮೆರವಣಿಗೆ ನಾಲ್ಕು ಹೆಜ್ಜೆ ಹೋಗುವುದರೊಳಗೆ ಮತ್ತೆ ಸಡಿಲ, ಮತ್ತೆ ರಸ್ತೆ ಬದಿಗೆ ಬೆಂಕಿ. ಬಾರಿಸುವುದಕ್ಕೆ ಎರಡು ಕಡ್ಡಿ, ಒಂದು ಗಿಡ್ಡ, ದಪ್ಪ. ಇನ್ನೊಂದು ಉದ್ದ, ತೆಳ್ಳಗೆ ಬಳುಕುವಂಥದ್ದು. ದಪ್ಪದ್ದು ನಡೆ ಹಿಡಿಯುತ್ತದೆ, ತೆಳ್ಳಗಿನದು ನಡುವೆ ಚಟಪಟ ಅನ್ನುತ್ತದೆ.

ಮೊದಲ ಅಧ್ಯಾಯದಲ್ಲಿ ಹುಲುಗನ ತಾತ ಅವನಿಗೆ ಕಾಯಿಸುವುದನ್ನು ಕಲಿಸುತ್ತಾನೆ. ಒಂದು ತುಣುಕು ಇಲ್ಲಿ ಹಾಕುತ್ತೇನೆ.

"ಲೇ, ಬಾಳ ಹತ್ರ ಹಿಡೀಬ್ಯಾಡ. ಸುಡತೈತಿ."

"ಕಾಯ್ಲಿಲ್ಲಂದ್ರ ಬೊಂಯ್ ಅಂತೈತಲ್ಲ ತಾತ."

"ಕಿವಿಯಾಗ ಆಮೇಲೆ ಕೇಳು. ಮೊದ್ಲು ಬೆರಳಾಗ ನೋಡು."

ಹುಲುಗ ಉಗುರಿನಿಂದ ಚರ್ಮ ಮೀಟಿದ. ಟಣ್ ಅಂದಿತು. ತಾತ ಏನೂ ಹೇಳಲಿಲ್ಲ. ಬೀಡಿ ಹಚ್ಚಿಕೊಂಡ. ಅಂದರೆ ಸರಿಯಾಗಿದೆ ಅಂತ.

ಈಗ ಫೈಬರ್ ಹಲಗೆ ಬಂದಿದೆ. ಕಬ್ಬಿಣದ ಬಳೆ, ಮೇಲೆ ಪ್ಲಾಸ್ಟಿಕ್ ಹಾಳೆ, ಸುತ್ತ ಬೋಲ್ಟು. ಪಾನಾ ಹಾಕಿ ಬಿಗಿದರೆ ಆಯಿತು. ಬೆಂಕಿ ಬೇಡ, ಮಳೆಗೆ ಹೆದರಬೇಕಾಗಿಲ್ಲ. ಸದ್ದು ಚೂಪು, ಕಿವಿಗೆ ಚುಚ್ಚುತ್ತದೆ ಅನ್ನುವವರಿದ್ದಾರೆ. ನನಗೂ ಚರ್ಮದ ದನಿಯೇ ಇಷ್ಟ. ಆದರೆ ಮಳೆಯಲ್ಲಿ ನಿಂತು ಬಾರಿಸುವವಳು ನಾನಲ್ಲವಲ್ಲ. ಕಥೆಯಲ್ಲಿ ತಾತನಿಗೆ ಚರ್ಮದ್ದೇ ಬೇಕು, ಹುಲುಗನಿಗೆ ಫೈಬರೇ ಬೇಕು. ಇಬ್ಬರನ್ನೂ ನಾನು ಗೆಲ್ಲಿಸುವುದಿಲ್ಲ. ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಅಂತ ಮಕ್ಕಳ ಪುಸ್ತಕಗಳಲ್ಲಿ ಅಜ್ಜಂದಿರ ಬಾಯಲ್ಲಿ ಹೇಳಿಸುವ ಚಾಳಿ ನಮಗೆ ಸಾಕಷ್ಟಿದೆ.

ಹಲಗೆಯಲ್ಲಿ ನಿಜವಾದ ಜಗಳ ತಾತ, ಮೊಮ್ಮಗನ ನಡುವೆ ಇಲ್ಲ. ಅದು ಅಪ್ಪನ ಜೊತೆ. ಹಲಗೆ ಯಾರು ಬಾರಿಸುತ್ತಿದ್ದರು, ಯಾರ ಮನೆಯ ಸಾವಿಗೆ ಯಾರು ಬಂದು ಬಾರಿಸಲೇಬೇಕಿತ್ತು, ಕೂಲಿ ಅಂತ ಏನು ಕೊಡುತ್ತಿದ್ದರು ಅನ್ನುವುದು ನಮ್ಮ ಕಡೆಯ ಯಾರಿಗೂ ಹೊಸದಲ್ಲ. ಬೇಡ ಅನ್ನುವ ಹಕ್ಕು ಇರಲಿಲ್ಲ. ದಲಿತ ಚಳವಳಿ ಬಂದ ಮೇಲೆ ಎಷ್ಟೋ ಊರುಗಳಲ್ಲಿ ಹುಡುಗರು ಇನ್ನು ಬಾರಿಸುವುದಿಲ್ಲ ಅಂತ ಹಲಗೆ ಕೆಳಗಿಟ್ಟರು. ಅದೇ ಚಳವಳಿಯ ಮೆರವಣಿಗೆಗಳಲ್ಲಿ ಅದೇ ಹಲಗೆ, ತಮಟೆ ಮುಂದೆ ನಡೆದವು. ಎರಡೂ ನಿಜ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು, ಅದೂ ನಿಜ.

ಹುಲುಗನ ಅಪ್ಪ ಕೆಳಗಿಟ್ಟವರ ಪೈಕಿ. ಹಲಗೆ ಬಿಟ್ಟು ಅದಿರು ಲಾರಿಯ ಕ್ಲೀನರ್ ಆದ, ಆಮೇಲೆ ಡ್ರೈವರ್ ಆದ. "ನನ್ ಮಗ ಇದನ್ನ ಮುಟ್ಟಬಾರದು" ಅನ್ನುವುದು ಅವನ ಒಂದೇ ಹಟ. ನಾನು ಅವನನ್ನು ಕೆಟ್ಟವನನ್ನಾಗಿ ಮಾಡಲಾರೆ. ಕಲೆಗೆ ಅಡ್ಡ ಬರುವ ಅಪ್ಪ ಅಂತ ಒಬ್ಬನನ್ನು ನಿಲ್ಲಿಸಿಬಿಟ್ಟರೆ ಕಥೆ ಸಲೀಸಾಗಿ ಓಡುತ್ತದೆ, ಆದರೆ ಅದು ಸುಳ್ಳು. ಅವನು ಹೇಳುವುದರಲ್ಲಿ ಮೂರು ತಲೆಮಾರಿನ ಅವಮಾನ ಇದೆ. ಮಗ ಹೇಳುವುದರಲ್ಲಿ ಬರೀ ಖುಷಿ ಇದೆ: ಸದ್ದು ಚೆನ್ನಾಗಿದೆ, ಬಾರಿಸಿದರೆ ಕಾಲು ತಾನಾಗಿ ಕುಣಿಯುತ್ತದೆ. ಹನ್ನೊಂದು ವರ್ಷದ ಹುಡುಗನಿಗೆ ಇಷ್ಟು ಸಾಕು. ಓದುವ ಮಗುವಿಗೆ ಎರಡೂ ಅರ್ಥವಾಗಬೇಕು, ಯಾರ ಕಡೆ ನಿಲ್ಲಬೇಕು ಅಂತ ನಾನು ಹೇಳುವುದಿಲ್ಲ.

ಜುಲೈ ಕೊನೆಗೆ ಅದಿರು ನಿಂತಾಗ ಅಪ್ಪನ ಲಾರಿಯೂ ನಿಲ್ಲುತ್ತದೆ. ಆ ದಿನಗಳನ್ನು ನೋಡಿದವರಿಗೆ ಗೊತ್ತು. ಅದಕ್ಕೂ ಮುಂಚೆ ಊರಿನ ಸುತ್ತ ರಸ್ತೆಗಳಲ್ಲಿ ಹಗಲು ರಾತ್ರಿ ಲಾರಿ, ಬೇಲೆಕೇರಿ ಕಡೆಗೋ ಇನ್ಯಾವುದೋ ಬಂದರಿನ ಕಡೆಗೋ. ಬೇವಿನ ಎಲೆಯ ಮೇಲೆ, ಒಣಗಹಾಕಿದ ಬಟ್ಟೆಯ ಮೇಲೆ, ಮಿರ್ಚಿ ಕರಿಯುವವನ ಬಾಣಲೆಯ ಪಕ್ಕದ ಹಿಟ್ಟಿನ ಮೇಲೆ, ಎಲ್ಲ ಕಡೆ ಕೆಂಪು ಧೂಳು. ಹೊಸ ಲಾರಿ ತಂದವನು ಗುಡಿ ಮುಂದೆ ಪೂಜೆ ಮಾಡಿಸಿದರೆ ಹಲಗೆಯವರಿಗೆ ಕರೆ. ಆಮೇಲೆ ಒಮ್ಮೆಲೇ ಎಲ್ಲ ನಿಂತಿತು. ಲಾರಿಗಳು ಸಾಲಾಗಿ ನಿಂತವು. ಪಂಕ್ಚರ್ ಹಾಕುವವನು, ಲಾರಿಗೆ ಬಣ್ಣ ಹೊಡೆದು ಹಿಂದೆ ನವಿಲು ಬರೆಯುವವನು, ರಸ್ತೆ ಬದಿ ಹೋಟೆಲ್‌ನವನು, ಇವರೆಲ್ಲ ಕೈ ಕಟ್ಟಿಕೊಂಡು ಕೂತರು. ಗಣಿ ಲೂಟಿಯನ್ನು ತಡೆದದ್ದು ಸರಿ ಅಂತ ನಾನೂ ನಂಬುತ್ತೇನೆ. ಆದರೆ ನವಿಲು ಬರೆಯುವವನು ಏನು ಲೂಟಿ ಮಾಡಿದ್ದ? ಮಕ್ಕಳ ಪುಸ್ತಕಕ್ಕೆ ಈ ಪ್ರಶ್ನೆ ಭಾರ ಆಯಿತು ಅಂತ ಒಬ್ಬ ಗೆಳತಿ ಅಂದಳು. ಮಕ್ಕಳು ಇದಕ್ಕಿಂತ ಭಾರದ್ದನ್ನು ದಿನಾ ಊಟದ ಹೊತ್ತಿಗೆ ಕೇಳಿಸಿಕೊಳ್ಳುತ್ತಾರೆ, ಅಲ್ವಾ?

ಪಂಚಾಂಗ ನನಗೆ ಬಹಳ ಸಹಾಯ ಮಾಡಿತು. ಬೀದಿ ವಾದ್ಯದವರ ವರ್ಷ ಪಂಚಾಂಗದ ಮೇಲೆಯೇ ನಡೆಯುತ್ತದೆ. ಮದುವೆ ಕಾಲದಲ್ಲಿ ಕೈ ತುಂಬ ಕೆಲಸ. ಆಷಾಢದಲ್ಲಿ ಮದುವೆ ಇಲ್ಲ, ಎಲ್ಲ ಖಾಲಿ. 2011ರಲ್ಲಿ ಅದಿರು ನಿಂತದ್ದು ಸರಿಯಾಗಿ ಆಷಾಢದ ಕೊನೆಗೆ, ಭೀಮನ ಅಮಾವಾಸ್ಯೆಯ ಹೊತ್ತಿಗೆ. ಅಂದರೆ ಮೊದಲೇ ದುಡ್ಡಿಲ್ಲದ ತಿಂಗಳು. ಇನ್ನೇನು ಶ್ರಾವಣ ಬಂತು, ಎಲ್ಲ ಸರಿಹೋಗುತ್ತದೆ ಅಂತ ಕಾಯುವಾಗ ಊರೇ ನಿಂತಿತು. ಸೆಪ್ಟೆಂಬರ್ 1ಕ್ಕೆ ಗಣೇಶನ ಹಬ್ಬ. ಆದರೆ ಗಣೇಶನ ಮುಂದೆ ಈಗ ಡಿಜೆ. ಟ್ರಾಕ್ಟರ್ ಮೇಲೆ ಆಳೆತ್ತರದ ಸ್ಪೀಕರ್ ಪೇರಿಸಿ ಬಿಟ್ಟರೆ ಹತ್ತು ಹಲಗೆ ಸೇರಿಸಿದರೂ ಕೇಳಿಸುವುದಿಲ್ಲ. ಅಕ್ಟೋಬರ್ 5ಕ್ಕೆ ಆಯುಧ ಪೂಜೆ. ಪ್ರತಿ ವರ್ಷ ಲಾರಿ ಲಾರಿಗೂ ಬಾಳೆಕಂದು, ಕುಂಬಳಕಾಯಿ, ಹಲಗೆ. ಈ ವರ್ಷ ಓಡದ ಲಾರಿಗೆ ಪೂಜೆ ಮಾಡಬೇಕೋ ಬೇಡವೋ ಅಂತ ಅಪ್ಪನಿಗೇ ಗೊತ್ತಾಗುವುದಿಲ್ಲ. ಆ ಅಧ್ಯಾಯ ಬರೆಯುವಾಗ ನನಗೆ ಖುಷಿಯಾಯಿತು. ಅಪ್ಪ ಕೊನೆಗೆ ಪೂಜೆ ಮಾಡುತ್ತಾನೆ. ಹಲಗೆ ಬೇಡ ಅನ್ನುತ್ತಾನೆ. ಹುಲುಗ ಲಾರಿಯ ಹಿಂದೆ ಹೋಗಿ, ಕಾಣದ ಹಾಗೆ ಡೀಸೆಲ್ ಟ್ಯಾಂಕಿನ ಮೇಲೆ ಬೆರಳಲ್ಲೇ ಬಾರಿಸುತ್ತಾನೆ. ಖಾಲಿ ಟ್ಯಾಂಕ್, ಒಳ್ಳೆ ಸದ್ದು ಬರುತ್ತದೆ.

ಪಂಪನ ಕಥೆ ಬೇರೆ. ಅವನದು ಹಬ್ಬದ ಲೆಕ್ಕ ಅಲ್ಲ, ಟೈಮ್ ಟೇಬಲ್ ಲೆಕ್ಕ. ಹೊಸಪೇಟೆ ಬಿಟ್ಟು ತುಂಗಭದ್ರೆ ದಾಟಿದರೆ ಮುನಿರಾಬಾದ್, ಅಲ್ಲೇ ಹುಲಿಗೆಮ್ಮನ ಗುಡಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ರೈಲು ತುಂಬ ಭಕ್ತರು. ಹೋಗುವಾಗ ಕೈ ಬಿಚ್ಚುತ್ತಾರೆ, ಬರುವಾಗ ಚಿಲ್ಲರೆ ಖಾಲಿಯಾಗಿರುತ್ತದೆ. ಸೇತುವೆ ಬಂತು ಅಂದರೆ ಗಡಗಡ ಸದ್ದಿಗೆ ಹಾಡು ಕೇಳಿಸುವುದಿಲ್ಲ, ಆದ್ದರಿಂದ ಸೇತುವೆಗೆ ಮುಂಚೆ ಹಾಡು ಮುಗಿಸಿ ಕೈ ಚಾಚಿರಬೇಕು. ಇನ್ನೊಂದು ತೊಂದರೆ: ಸೇತುವೆ ಮೇಲೆ ಜನ ಹೊಳೆಗೆ ದುಡ್ಡು ಎಸೆದು ಕೈ ಮುಗಿಯುತ್ತಾರೆ. ಅಂದರೆ ಪಂಪನಿಗೆ ಪೈಪೋಟಿ ಸಾಕ್ಷಾತ್ ತುಂಗಭದ್ರೆಯ ಜೊತೆ. ಅವನು ಹೊಳೆಗಿಂತ ಮೊದಲು ತಲುಪಬೇಕು. ಈ ಭಾಗವನ್ನು ಅಕ್ಕನ ಮಗಳಿಗೆ ಓದಿ ಹೇಳಿದೆ. ಸೂರ್ಯೋದಯದ ವರ್ಣನೆ ಬಂದಾಗ ಆಕಳಿಸಿದವಳು ಇಲ್ಲಿ ಎದ್ದು ಕೂತು, "ಹೊಳೆಗೆ ಎಷ್ಟು ಬಿತ್ತು, ಇವನಿಗೆ ಎಷ್ಟು ಬಿತ್ತು?" ಅಂತ ಕೇಳಿದಳು. ಸೂರ್ಯೋದಯ ತೆಗೆದುಹಾಕಿದ್ದೇನೆ.

ಅದೇ ವರ್ಷ ಇನ್ನೊಂದಾಯಿತು. 2011ರ ಜೂನ್ 30ಕ್ಕೆ ನಾಲ್ಕಾಣೆ ಸತ್ತಿತು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು ಜುಲೈ 1ರಿಂದ ಚಲಾವಣೆಯಲ್ಲಿ ಇಲ್ಲ ಅಂದರು. ಅಂಗಡಿಗಳಲ್ಲಿ ಅದಕ್ಕೂ ಮುಂಚೆಯೇ ತೆಗೆದುಕೊಳ್ಳುತ್ತಿರಲಿಲ್ಲ, ಆದರೆ ಹಾಡುವವರ ಕೈಗೆ ಹಾಕುವುದಕ್ಕೆ ಮಾತ್ರ ಜನ ಹುಡುಕಿ ತೆಗೆಯುತ್ತಿದ್ದರು! ಪಂಪನ ಹತ್ತಿರ ಪೌಡರ್ ಡಬ್ಬಿಯ ತುಂಬ ನಾಲ್ಕಾಣೆ. ಅವನ ಅಜ್ಜಿ ಗಂಟಿನಲ್ಲಿ ಕಟ್ಟಿ ಇಟ್ಟದ್ದೂ ಸೇರಿದೆ. ಒಂದು ದಿನ ಬೆಳಗಾಗುವುದರೊಳಗೆ ಅದು ದುಡ್ಡಲ್ಲ. ಅದನ್ನು ಏನು ಮಾಡುತ್ತಾರೆ ಅನ್ನುವುದು ಪುಸ್ತಕದ ನಡುವಿನ ಮುಖ್ಯ ಸಂಗತಿ. ಇಲ್ಲಿ ಹೇಳುವುದಿಲ್ಲ. ಹಲಗೆಯ ಫೈಬರ್ ಹಾಳೆಗೂ ಅದಕ್ಕೂ ಸಂಬಂಧ ಇದೆ, ಸದ್ದು ಬೇರೆ ಥರ ಬರುತ್ತದೆ, ಅಷ್ಟು ಹೇಳಬಲ್ಲೆ.

ಇನ್ನೊಂದು ಪೈಪೋಟಿ, ಚೈನಾ ಸೆಟ್. ಆ ಕಾಲದಲ್ಲಿ ನೆನಪಿದೆಯಾ, ಅಗ್ಗದ ಮೊಬೈಲು, ಜೇಬಲ್ಲಿಟ್ಟರೂ ಬೋಗಿ ತುಂಬ ಕೇಳಿಸುವ ಸ್ಪೀಕರು. ಯಾರೋ ಒಬ್ಬ ಕಿಟಕಿ ಪಕ್ಕ ಕೂತು ಅದೇ ಹಾಡು ಹಚ್ಚಿಬಿಟ್ಟರೆ ಪಂಪ ಆ ಬೋಗಿ ಬಿಟ್ಟು ಮುಂದಿನದಕ್ಕೆ ಹೋಗಬೇಕು. ಅವನು ಕಂಡುಕೊಂಡ ಉಪಾಯ, ಮೊಬೈಲಿನಲ್ಲಿ ಸಿಗದ ಹಾಡು ಹೇಳುವುದು. ಅಂಥ ಹಾಡು ಎಲ್ಲಿದೆ? ಅಜ್ಜಿಯ ಬಾಯಲ್ಲಿದೆ. ಪಂಪನ ಮನೆಯವರು ಬುಡ್ಗ ಜಂಗಮರು, ಅಜ್ಜಿ ಒಂದು ಕಾಲಕ್ಕೆ ಬುರ್ರಕಥೆ, ಅಂದರೆ ಹಾಡುತ್ತಾ ನಡೆಸುವ ಕಥೆ, ಹೇಳುತ್ತಿದ್ದವಳು. ಈ ಅಜ್ಜಿಯನ್ನು ಕಟ್ಟುವಾಗ ದರೋಜಿ ಈರಮ್ಮನವರು ಮನಸ್ಸಿನಲ್ಲಿದ್ದರು ಅಂತ ಹೇಳದಿದ್ದರೆ ತಪ್ಪಾಗುತ್ತದೆ. ಓದು ಬರಹ ಇಲ್ಲದೆ ದೊಡ್ಡ ದೊಡ್ಡ ಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದ ಅವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತ್ತು. 2014ರಲ್ಲಿ ತೀರಿಕೊಂಡರು. ದರೋಜಿ ಅಂದರೆ ಈಗ ಪ್ರವಾಸಿಗಳಿಗೆ ಕರಡಿ ಧಾಮ. ಕರಡಿ ನೋಡುವುದಕ್ಕೆ ಬರುವವರಿಗೆ ಈರಮ್ಮನವರ ಊರೂ ಇದೇ ಅಂತ ಒಂದು ಬೋರ್ಡಾದರೂ ಹಾಕಬಹುದಿತ್ತು. ಇರಲಿ.

ಅಜ್ಜಿ ಹೇಳುವ ಕಥೆ ಒಂದು ರಾತ್ರಿ ಪೂರ್ತಿ ನಡೆಯುವಂಥದ್ದು. ಪಂಪನಿಗೆ ಸಿಗುವುದು ಹೊಸಪೇಟೆಯಿಂದ ಸೇತುವೆ ತನಕ. ಅಜ್ಜಿ ಕತ್ತರಿಸುವುದಕ್ಕೆ ಒಪ್ಪುವುದಿಲ್ಲ. "ರಾಜಕುಮಾರ ಕುದುರಿ ಏರೋದ್ರಾಗ ಮುನಿರಾಬಾದ್ ಬರ್ತೈತಿ" ಅಂತ ಪಂಪ ಕೂಗಾಡುತ್ತಾನೆ. "ಹಂಗಾರ ಕುದುರಿ ಏರಿದ ಮ್ಯಾಲೆ ಶುರು ಮಾಡಲೇ ಭಾಡ್ಯಾ" ಅನ್ನುತ್ತಾಳೆ ಅಜ್ಜಿ. ಸಂಪಾದಕರು 'ಭಾಡ್ಯಾ' ತೆಗೆಯಿರಿ ಅಂದರು. ಆ ಅಜ್ಜಿ 'ಮಗುವೇ' ಅಂದರೆ ಓದುವವರು ನಗುತ್ತಾರೆ. ಉಳಿಸಿಕೊಂಡಿದ್ದೇನೆ.

ಎಲ್ಲಕ್ಕಿಂತ ಕಷ್ಟವಾದದ್ದು ದುರ್ಗಿ. ಚೌಡಿಕೆ ಬಗ್ಗೆ ಬರೆಯುವುದು ಸುಲಭ. ಟೊಳ್ಳು ಮರದ ಕೊಳಗ, ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಹೊರಟ ತಂತಿ ಮೇಲೆ ಬಾಗುವ ಹಿಡಿಕೆಗೆ ಕಟ್ಟಿದೆ. ಕಂಕುಳಲ್ಲಿ ಅವುಚಿಕೊಂಡು ಒಂದು ಕೈಯಲ್ಲಿ ಹಿಡಿಕೆ ಬಿಗಿ, ಸಡಿಲ ಮಾಡುತ್ತಾ ಇನ್ನೊಂದು ಕೈಯಲ್ಲಿ ತಂತಿ ಮೀಟಿದರೆ ಡೊಂಯ್ ಡೊಂಯ್ ಅಂತ ಜಗ್ಗಿ ಜಗ್ಗಿ ಬರುವ ದನಿ. ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಆದರೆ ಅದನ್ನು ಹಿಡಿದ ಅಜ್ಜಿ ಯಾರು? ಕೊರಳಲ್ಲಿ ಮುತ್ತು ಏಕಿದೆ? ಅಜ್ಜ ಏಕಿಲ್ಲ? ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವುದನ್ನು ಕರ್ನಾಟಕ 1982ರಲ್ಲೇ ಕಾನೂನು ಮಾಡಿ ನಿಷೇಧಿಸಿತು. ಅಜ್ಜಿ ಅದಕ್ಕೂ ಮುಂಚಿನವಳು. ಹತ್ತು ವರ್ಷದ ಓದುಗರಿಗೆ ಇದನ್ನು ಎಷ್ಟು ಹೇಳಬೇಕು?

ಚೌಡಿಕೆಯನ್ನು ಬರೀ ಚಂದದ ಜಾನಪದ ವಾದ್ಯ ಮಾಡಿ, ಉಳಿದದ್ದನ್ನು ಮುಚ್ಚಿಡುವುದು ನನಗೆ ಆಗಲಿಲ್ಲ. ಪೂರ್ತಿ ಬಿಚ್ಚಿಡುವುದೂ ಬೇಡ. ದುರ್ಗಿಗೆ ಗೊತ್ತಿರುವಷ್ಟೇ ಹೇಳುತ್ತೇನೆ ಅಂತ ತೀರ್ಮಾನಿಸಿದೆ. ಅವಳಿಗೆ ಗೊತ್ತಿರುವುದು ಇಷ್ಟು: ಅಜ್ಜಿಯನ್ನು ಚಿಕ್ಕವಳಿದ್ದಾಗ ಯಾರೂ ಕೇಳಲಿಲ್ಲ. ಅಮ್ಮನನ್ನು ದೇವರಿಗೆ ಬಿಟ್ಟು ಮುತ್ತು ಕಟ್ಟಲು ಅಜ್ಜಿ ಒಪ್ಪಲಿಲ್ಲ. ಚೌಡಿಕೆ ಮಾತ್ರ ಅಜ್ಜಿ ಮೊಮ್ಮಗಳಿಗೆ ಕಲಿಸುತ್ತಾಳೆ, ದೇವಿಯನ್ನು ಹೊರುವ ಬುಟ್ಟಿ, ಅಂದರೆ ಪಡ್ಡಲಗಿ, ಮುಟ್ಟಗೊಡುವುದಿಲ್ಲ. ಒಂದು ಕಡೆ ದುರ್ಗಿ ಕೇಳುತ್ತಾಳೆ, "ಯವ್ವಾ, ಹಾಡು ಬೇಕು, ಬುಟ್ಟಿ ಬ್ಯಾಡ ಅಂದ್ರ ದೇವಿ ಸಿಟ್ಟಾಗಂಗಿಲ್ಲೇನು?" ಅಜ್ಜಿ ಹೇಳುತ್ತಾಳೆ, "ಸಿಟ್ಟಾದ್ರ ನನ್ ಮ್ಯಾಲೆ ಆಗ್ಲಿ, ನಂಗ ರೂಢಿ ಐತಿ."

ಇಲ್ಲಿಂದ ಸ್ವಲ್ಪವೇ ದೂರ ಮರಿಯಮ್ಮನಹಳ್ಳಿ. ತುಂಗಭದ್ರಾ ಅಣೆಕಟ್ಟೆಯ ನೀರಿಗೆ ಹಳೇ ಊರು ಬಿಟ್ಟು ಬಂದವರು ಕಟ್ಟಿಕೊಂಡ ಊರು, ನಾಟಕದವರ ಊರು ಅಂತಲೇ ಹೆಸರು. ಅಲ್ಲಿಯ ಮಂಜಮ್ಮ ಜೋಗತಿ, ಕಾಳವ್ವ ಜೋಗತಿಯ ಹತ್ತಿರ ಕಲಿತು, ಬೀದಿ ಬೀದಿ ಕುಣಿದು, ಮುಂದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದೆವಲ್ಲ. ನನ್ನ ಕಥೆಯ ಕಾಲಕ್ಕೆ ಅದಿನ್ನೂ ಹತ್ತು ವರ್ಷ ದೂರ. ದುರ್ಗಿಯ ಅಜ್ಜಿಗೆ ಅಂಥದ್ದೇನೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಪ್ರಶಸ್ತಿ ಬಂದವರ ಕಥೆ ಪೇಪರಿನವರು ಬರೆಯುತ್ತಾರೆ.

ಮೂವರೂ ಒಟ್ಟಾಗುವುದು ದುಡ್ಡಿಗಾಗಿ. ಗೆಳೆತನ ಆಮೇಲೆ. ಹುಲುಗನಿಗೆ ಮೆರವಣಿಗೆ ಇಲ್ಲ, ಪಂಪನಿಗೆ ಚೈನಾ ಸೆಟ್ ಕಾಟ, ದುರ್ಗಿಯ ಅಜ್ಜಿಗೆ ಮಂಡಿ ನೋವು. ಡ್ಯಾಮಿನ ಗೇಟು ತೆಗೆದಾಗ ನೀರು ನೋಡುವುದಕ್ಕೆ ಜನ ಜಾತ್ರೆ ಥರ ಬರುತ್ತಾರಲ್ಲ, ಅಲ್ಲಿ ಮೂವರೂ ಒಂದೇ ಜಾಗಕ್ಕೆ ಜಗಳ ಆಡುತ್ತಾರೆ. ಇವತ್ತಿನ ಕಾಲಕ್ಕೆ ಬರೆದಿದ್ದರೆ 2024ರ ಆಗಸ್ಟ್‌ನಲ್ಲಿ ಚೈನ್ ಕಡಿದು 19ನೇ ಗೇಟು ಕೊಚ್ಚಿಹೋದ ರಾತ್ರಿ ಹಾಕಬಹುದಿತ್ತು, ಎಂಥ ಅಧ್ಯಾಯ ಆಗುತ್ತಿತ್ತು! ಆಸೆಯಾಗುತ್ತದೆ. ಆದರೆ ನಾಲ್ಕಾಣೆ ಬಿಡುವುದಕ್ಕೆ ಮನಸ್ಸಿಲ್ಲ.

ಜಗಳದ ನಡುವೆ ಒಬ್ಬ ದೊಡ್ಡ ಮನುಷ್ಯ "ಭಿಕ್ಷೆ ಬೇಡೋ ಹುಡುಗ್ರು, ಓಡಿಸಿ" ಅನ್ನುತ್ತಾನೆ. ಹುಲುಗ ತಿರುಗಿ, "ನಾವು ಬಾರಿಸಿ ತಗೊಂತೀವಿ" ಅನ್ನುತ್ತಾನೆ. ಸುಮಾರು ಅಧ್ಯಾಯ ಆದಮೇಲೆ ದುರ್ಗಿಗೆ ಮನೆ ಕಂದಾಯದ ರಸೀದಿಯಲ್ಲಿ ಭಿಕ್ಷುಕರ ಉಪಕರ ಅನ್ನುವ ಸಾಲು ಕಾಣುತ್ತದೆ. ನಿಜಕ್ಕೂ ಇದೆ, 1975ರ ಕಾಯ್ದೆ ಪ್ರಕಾರ ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 3, ನಾವೂ ನೀವೂ ಕಟ್ಟುತ್ತಲೇ ಇದ್ದೇವೆ. ತಗಡಿನ ಮನೆಗೆ ಅಜ್ಜಿಯೂ ಕಟ್ಟುತ್ತಾಳೆ. "ಅಂದ್ರ ಆ ಮನಷ್ಯಾ ನಮಗ ಭಿಕ್ಷುಕರು ಅಂದ, ನಮ್ಮಜ್ಜಿ ಭಿಕ್ಷುಕರಿಗಂತ ರೊಕ್ಕ ಕಟ್ಟತಾಳ" ಅಂತ ದುರ್ಗಿ ಲೆಕ್ಕ ಬಿಡಿಸುವುದಕ್ಕೆ ಕೂರುತ್ತಾಳೆ. ಬಿಡಿಸಲು ಬರುವುದಿಲ್ಲ, ಮೇಷ್ಟ್ರನ್ನು ಕೇಳುತ್ತಾಳೆ, ಮೇಷ್ಟ್ರು "ಪಾಠ ನೋಡಿಕೋ" ಅನ್ನುತ್ತಾರೆ.

ಹಂಪಿ ಬಜಾರಿನ ಭಾಗ ಚಿಕ್ಕದು. ಅಲ್ಲಿ ಟೀ ಅಂಗಡಿ ಇಟ್ಟಿದ್ದ ಪಂಪನ ಮಾವನ ಮನೆ ಹೋಗುತ್ತದೆ. ಅವರು ಪಂಪನ ಮನೆಗೇ ಬಂದು ಉಳಿಯುತ್ತಾರೆ, ಒಂದೇ ಕೋಣೆಯಲ್ಲಿ ಎಂಟು ಜನ. ಪಂಪನಿಗೆ ಹಾಡು ಕಲಿಯುವುದಕ್ಕೆ ಜಾಗ ಇಲ್ಲ, ಅದಕ್ಕೇ ರೈಲ್ವೆ ಸ್ಟೇಷನ್ನು. ಸ್ಮಾರಕ ಉಳಿಸಬೇಕೋ ಜನರನ್ನು ಉಳಿಸಬೇಕೋ ಅನ್ನುವ ಚರ್ಚೆ ದೊಡ್ಡವರು ಬೇಕಾದಷ್ಟು ಮಾಡಿದ್ದಾರೆ. ಹುಡುಗನಿಗೆ ಕಾಣುವುದು ಎಂಟು ಜನರ ಕಾಲು.

ಕೊನೆಯ ಅಧ್ಯಾಯ ಡಿಸೆಂಬರ್ 6, ಮೊಹರಂ. ನಮ್ಮ ಕಡೆ ಮೊಹರಂ ಅಂದರೆ ಹಿಂದೂ, ಮುಸ್ಲಿಂ ಅಂತ ಇಲ್ಲ, ಎಲ್ಲರ ಹಬ್ಬ. ಬೆಂಕಿ ಹಾಕುವ ಅಲಾಯಿ ಕುಣಿ, ಹೊತ್ತು ಮೆರೆಸುವ ಕೈಯಾಕಾರದ ಪಂಜಾ, ಹುಲಿವೇಷ. ಇಲ್ಲಿ ಹಲಗೆ ಇಲ್ಲದೆ ಏನೂ ನಡೆಯುವುದಿಲ್ಲ. ಡಿಜೆ ಹಾಕಿ ಹುಲಿವೇಷದವನನ್ನು ಕುಣಿಸಿ ನೋಡಿ, ಅವನೇ ನಿಂತುಬಿಡುತ್ತಾನೆ. ಹಾಗಾಗಿ ತಾತನಿಗೂ ಮೊಮ್ಮಗನಿಗೂ ಕರೆ ಬರುತ್ತದೆ. ಕುಣಿಯ ಬೆಂಕಿಯಲ್ಲೇ ಚರ್ಮದ ಹಲಗೆ ಕಾಯಿಸುತ್ತಾರೆ, ಫೈಬರ್ ಹಲಗೆಯವನು ಪಾನಾ ಮರೆತು ಬಂದಿರುತ್ತಾನೆ. ಅಪ್ಪ ಬರುತ್ತಾನೋ ಇಲ್ಲವೋ ಅಂತ ಬಹಳ ಯೋಚಿಸಿದೆ. ಬರುತ್ತಾನೆ. ಜನರ ನಡುವೆ ನಿಂತಿರುತ್ತಾನೆ. ಹಲಗೆ ಮುಟ್ಟುವುದಿಲ್ಲ, ಮಗನ ತಲೆ ಸವರುವುದೂ ಇಲ್ಲ. "ನಾಳೆ ಶಾಲಿ ಐತಿ" ಅನ್ನುತ್ತಾನೆ.

ಆಮೇಲೆ ಮಕ್ಕಳಿಗೆ ಅವರ ಪಾಲು ಸಿಗುತ್ತದೆ. ಅಷ್ಟಿಷ್ಟು ದುಡ್ಡು, ಮೊಹರಂನ ಸಿಹಿ ತಿಂಡಿ ಚೊಂಗೆ ಐದು. ದುಡ್ಡು ಮೂರು ಪಾಲು ಸರಿಯಾಗಿ ಆಗುತ್ತದೆ, ಚೊಂಗೆ ಆಗುವುದಿಲ್ಲ. ಹುಲುಗ ತಾನು ಜಾಸ್ತಿ ಹೊತ್ತು ಬಾರಿಸಿದೆ ಅನ್ನುತ್ತಾನೆ, ಪಂಪ ತನ್ನ ಮನೆಯಲ್ಲಿ ಎಂಟು ಜನ ಅನ್ನುತ್ತಾನೆ. ದುರ್ಗಿ ಲೆಕ್ಕ ಹಾಕುವ ನೆಪದಲ್ಲಿ ಒಂದನ್ನು ಆಗಲೇ ಅರ್ಧ ತಿಂದಿರುತ್ತಾಳೆ.